ಅಂಗನವಾಡಿ ಅಕ್ಕೋರು ಯಾರ ನೌಕರರು?

ಬನಹಟ್ಟಿಯಲ್ಲಿ ಮಗ್ಗ ನಡೆಸಿದವರಿಗೆ ಮಜೂರಿ, ಮುಧೋಳದಲ್ಲಿ ಕಬ್ಬು ಕಡಿದವರಿಗೆ ಕೂಲಿ, ಸಾಲಿ ಮಾಸ್ತರರಿಗೆ ಪಗಾರ. ಅಂಗನವಾಡಿ ಅಕ್ಕೋರಿಗೆ ಮಾತ್ರ ಗೌರವಧನ! ಹೆಸರೇನೋ ದೊಡ್ಡದು. ಆದರೆ ಪಗಾರ ಕೊಟ್ಟವರು ಮಾಲಕರಾಗಬೇಕಾಗುತ್ತದೆ, ಗೌರವಧನ ಕೊಟ್ಟವರಿಗೆ ಆ ಗೊಡವೆ ಇಲ್ಲ.

ಜಮಖಂಡಿ ಹತ್ತಿರದ ಒಂದು ಅಂಗನವಾಡಿಯಲ್ಲಿ ಒಂದು ಮುಂಜಾನೆ ಕೂತಿದ್ದೆ. ತಕ್ಕಡಿಯಲ್ಲಿ ಕೂರಿಸಿದ ಕೂಸು ಅಳುತ್ತಿತ್ತು. ಅಕ್ಕೋರು ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ತೂಕ ತುಂಬುತ್ತಿದ್ದರು. ಅದು ದಿಲ್ಲಿಯ ಕೆಲಸ. ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನು, ವರದಿ ಬೇಕೆಂದು. ಅದು ಬೆಂಗಳೂರಿನದು. ತತ್ತಿಯ ಲೆಕ್ಕಕ್ಕೆ ಊರಿನ ಬಾಲವಿಕಾಸ ಸಮಿತಿಯವರು ಬಾಗಿಲಲ್ಲೇ ನಿಂತಿದ್ದರು. ಮೂವತ್ತು ಮಕ್ಕಳ ಹಾಡು ಅರ್ಧಕ್ಕೇ ನಿಂತಿತ್ತು.

ಅಂಗನವಾಡಿ ಯೋಜನೆ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು, ದಿಲ್ಲಿಯಿಂದ. ಕೇಂದ್ರ 2018ರಲ್ಲಿ ನಿಗದಿ ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ; ಅದರಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಅದರ ಮೇಲೆ ರಾಜ್ಯ ತನ್ನದಷ್ಟು ಸೇರಿಸುತ್ತದೆ. ಹೀಗೆ ಕೊಡುವವರು ಇಬ್ಬರಾದರೂ ಒಡೆಯರು ಒಬ್ಬರೂ ಇಲ್ಲ. ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು, ಅದೂ ನಮ್ಮ ರಾಜ್ಯದಿಂದಲೇ. 2006ರ ಅಮೀರ್‌ಬಿ ಪ್ರಕರಣದಲ್ಲಿ ಇವರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪಾಯಿತು. 2022ರಲ್ಲಿ ಅದೇ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಿತು.

ಪಂಚಾಯಿತಿಗೇ ವಹಿಸಿ ಎನ್ನುವವರಿದ್ದಾರೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಪಂಚಾಯಿತಿಯ ಪಾಲಿಗೆ ಬರುವ ವಿಷಯವೇ. ನನಗೆ ಮಾತ್ರ ಒಪ್ಪಿಗೆಯಿಲ್ಲ. ನಮ್ಮ ಭಾಗವನ್ನೇ ನೋಡಿ: 1948ರ ತನಕ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು, ರಬಕವಿ ಸಾಂಗ್ಲಿಯದು, ಬೀಳಗಿ 1947ರ ತನಕ ಬ್ರಿಟಿಷರದು. ಸೀಮೆ ದಾಟಿದರೆ ದರ್ಬಾರು ಬೇರೆ, ಖಜಾನೆ ಬೇರೆ. ಪಂಚಾಯಿತಿಗೊಂದು ಪಗಾರವೆಂದರೆ ಮತ್ತೆ ಅದೇ ಸಂಸ್ಥಾನಗಳ ಕಾಲ. ವಸೂಲಿ ಕಡಿಮೆಯಿರುವ ಊರಿನ ಅಕ್ಕೋರು ಏನು ತಿನ್ನಬೇಕು? ಚುನಾವಣೆಯಲ್ಲಿ ಸೋತ ಪಾರ್ಟಿಯ ಓಣಿಯವರಾದರೆ ಅವರ ಗತಿಯೇನು?

ಕೇಂದ್ರಕ್ಕೇ ವಹಿಸೋಣವೆಂದರೆ ದಿಲ್ಲಿಯಂತೂ ದೂರ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದ ಬೀಳಗಿಯ ಮಂದಿಗೆ ಅಂಗನವಾಡಿ ಎಲ್ಲಿ ಬೇಕೆಂಬುದು ಅಲ್ಲಿ ಕೂತವರಿಗೆ ತಿಳಿಯದು.

ಹಾಗಾಗಿ ನನ್ನ ಮತ: ನೇಮಕ, ಪಗಾರ, ಪಿಂಚಣಿ ರಾಜ್ಯ ಸರ್ಕಾರದ್ದಾಗಲಿ, ಪ್ರಾಥಮಿಕ ಸಾಲಿ ಶಿಕ್ಷಕರಿಗೆ ಇದ್ದ ಹಾಗೆ. ಕೇಂದ್ರ ತನ್ನ ಪಾಲಿನ ಹಣ ಕೊಡಲಿ. ಅಡುಗೆಮನೆ, ಕಟ್ಟಡ, ಹಾಜರಿ ನೋಡುವ ಹಕ್ಕು ಪಂಚಾಯಿತಿಗಿರಲಿ. ಎಲ್‌ಕೆಜಿ ಸರ್ಕಾರಿ ಸಾಲಿಯಲ್ಲೋ ಅಂಗನವಾಡಿಯಲ್ಲೋ ಎಂದು 2024ರಲ್ಲಿ ಎದ್ದ ಜಗಳವೂ, ಎರಡೂ ಕಡೆಯವರು ರಾಜ್ಯದ ನೌಕರರೇ ಆಗುವುದರಿಂದ, ಆಗ ಅರ್ಧ ತೀರುತ್ತದೆ.

ಶಾಸಕರು ನಿಮ್ಮೂರಿಗೆ ಬಂದಾಗ ಗಟಾರ, ರಸ್ತೆ ಕೇಳೇ ಕೇಳ್ತೀರಿ. ಜತೆಗೆ ಇದನ್ನೂ ಕೇಳ್ರಿ: ಸಾಹೇಬ್ರ, ನಮ್ಮ ಅಕ್ಕೋರು ಯಾರ ನೌಕರರು?