ತವರು ಕೇಳಿದ್ದು ಪಾಲನ್ನಲ್ಲ

(ಜಾನಪದ ಕುರಿತ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಜನಪದ ಹಾಡುಗಳಲ್ಲಿ ಊರಿನ ಹಂಬಲ ಎಂದರೆ ಬಹುಮಟ್ಟಿಗೆ ತವರಿನ ಹಂಬಲ. ಗುಳೆ ಹೋದ ಗಂಡಸು ಹಬ್ಬಕ್ಕೋ ಸುಗ್ಗಿಗೋ ತನ್ನ ಮನೆಗೇ ಮರಳುತ್ತಾನೆ. ಮದುವೆಯಾದ ಹೆಣ್ಣು ಹುಟ್ಟಿದ ಮನೆಗೆ ಮರಳುವುದು ನೆಂಟಳಾಗಿ. ಈ ಸಂಕಟವನ್ನು ಅವಳು ಯಾರ ಮುಂದೆ ಹೇಳಿಕೊಳ್ಳಬೇಕಿತ್ತು?

ಬೀಸುಕಲ್ಲಿನ ಮುಂದೆ ಹೇಳಿಕೊಂಡಳು. ನಸುಕಿನಲ್ಲಿ ಜೋಳ ಬೀಸುವ ಹೊತ್ತಿಗೆ ಮನೆಯ ಹಿರಿಯರು ಇನ್ನೂ ಎದ್ದಿರುತ್ತಿರಲಿಲ್ಲ. ಕಲ್ಲಿನ ಸದ್ದಿನೊಳಗೆ ಹಾಡಿದ್ದು ದೂರು ಎನಿಸಿಕೊಳ್ಳುತ್ತಿರಲಿಲ್ಲ. ಬೀಸುವ ಪದ ಎನಿಸಿಕೊಳ್ಳುತ್ತಿತ್ತು. ಆ ಪದಗಳ ಅಚ್ಚು ತ್ರಿಪದಿ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಕಾಣುವ ಈ ಮೂರು ಸಾಲಿನ ಪದ್ಯವನ್ನು ಅಕ್ಷರ ಕಲಿಯದ ಹೆಂಗಸರು ನಾಲಗೆಯ ಮೇಲೆ ಉಳಿಸಿಕೊಂಡು ಬಂದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಹೊರತಂದರು.

ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ಜೋಕಾಲಿ ಆಡಬೇಕು, ಅಳ್ಳು, ತಂಬಿಟ್ಟು ತಿನ್ನಬೇಕು. ಹಾಡುಗಳಲ್ಲಿ ಹಾದಿ ಕಾಯುವ ಕಣ್ಣು ಮತ್ತೆ ಮತ್ತೆ ಬರುತ್ತದೆ. ತಾಯಿ ಇಲ್ಲದ ತವರು ಬರಿದು ಎಂಬ ಅಳಲಿದೆ. ಅತ್ತಿಗೆಯ ಮುಖ ಸಿಂಡರಿಸಿದ್ದೂ ಇದೆ. ಇಷ್ಟಾದರೂ ಕೊನೆಗೆ ಬರುವುದು ಹರಕೆಯೇ: ತವರು ತಣ್ಣಗಿರಲಿ, ಅಣ್ಣನ ಮನೆ ಬೆಳೆಯಲಿ.

ಇದನ್ನು ನಾವು ಮಮತೆ ಎಂದು ಮೆಚ್ಚುತ್ತೇವೆ. ಮಮತೆ ಹೌದು. ಆದರೆ ಹಕ್ಕಿಲ್ಲದ ಮನೆಯ ಬಾಗಿಲು ತೆರೆದಿರಬೇಕಾದರೆ ಹರಸದೆ ಬೇರೆ ದಾರಿಯೂ ಇರಲಿಲ್ಲ. ಹಾಡಿನ ಇಂಪಿನಲ್ಲಿ ಈ ಅಂಜಿಕೆ ನಮಗೆ ಕೇಳಿಸದೆ ಹೋಗಬಾರದು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದಾದ ಕೆಲವು ವರ್ಷಗಳಿಗೆ ನಮ್ಮ ಅಮ್ಮ ತನ್ನ ಪಾಲು ಬೇಡವೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಳು. ಅರಿಶಿನ ಕುಂಕುಮಕ್ಕೆಂದು ಕೊಟ್ಟ ಒಂದು ಸೀರೆ ಕೈಯಲ್ಲಿತ್ತು. ‘ಯಾಕಮ್ಮ?’ ಎಂದು ಕೇಳಿದೆ. ‘ಪಾಲು ತಗೊಂಡರೆ ಪಂಚಮಿಗೆ ಯಾರು ಕರೀತಾರೋ?’ ಎಂದಳು.

ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುಕಲ್ಲು ಹಿತ್ತಿಲು ಸೇರಿತು. ಅಮ್ಮನಿಗೆ ಒಂದು ತ್ರಿಪದಿಯೂ ಬಾರದು. ಆದರೆ ಅಂದು ಅವಳು ಆಡಿದ್ದು ಅದೇ ಹಳೆಯ ಹಾಡಿನ ಮಾತು. ಪಾಲು ಕೇಳಿದ ಮೇಲೂ ಮಗಳನ್ನು ಹಬ್ಬಕ್ಕೆ ಕರೆಯುವ ತವರನ್ನು ನಾವು ಕಟ್ಟಬೇಕು. ಆಗ ಈ ಹಾಡುಗಳನ್ನು ಅಂಜಿಕೆಯಿಲ್ಲದೆ, ಬರೀ ಪ್ರೀತಿಯಿಂದ ಹಾಡಬಹುದು.