ಸಿರಿವಂತರ ಹಣ, ಬೀದಿಯ ನಾಯಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾಯಿಯ ಮೇಲೂ ಒಂದು ಭಾಷಣವೇ ಎಂದು ಕೆಲವರು ಆಗಲೇ ನಗುತ್ತಿದ್ದೀರಿ. ನಗಬಹುದು. ಹೋದ ವಾರ ಇದೇ ಮೇಜಿನ ಬಳಿ ಕುಳಿತಿದ್ದ ಗೆಳೆಯರೊಬ್ಬರು, "ಮನುಷ್ಯ ಫುಟ್‌ಪಾತಿನ ಮೇಲೆ ಮಲಗುವ ಈ ಮುಂಬಯಿಯಲ್ಲಿ ನಾಯಿ ಬೆಕ್ಕುಗಳಿಗೆ 200 ಹಾಸಿಗೆಯ ಆಸ್ಪತ್ರೆಯಂತೆ!" ಎಂದು ಸಿಟ್ಟಿನಿಂದ ಎದ್ದು ಹೋದರು. ಅವರು ಹೇಳಿದ್ದು ಮಹಾಲಕ್ಷ್ಮಿಯಲ್ಲಿ 165 ಕೋಟಿ ರೂಪಾಯಿ ಖರ್ಚಿನಲ್ಲಿ ಕಟ್ಟಿ 2024ರಲ್ಲಿ ತೆರೆದ ಟಾಟಾ ಟ್ರಸ್ಟಿನ ಆಸ್ಪತ್ರೆಯ ಮಾತು. ಅವರ ಸಿಟ್ಟು ಸುಳ್ಳಲ್ಲ. ಅದಕ್ಕೆ ಉತ್ತರವೇನೆಂದು ನಾವೂ ಸ್ವಲ್ಪ ಹುಡುಕಿ ನೋಡಿದೆವು.

ಈ ಊರಿನಲ್ಲಿ ಇದು ಹಳೆಯ ಕಥೆ. 1832ರ ಬೇಸಗೆಯಲ್ಲಿ ಕುಂಪಣಿ ಸರಕಾರದವರು ಬೀದಿ ನಾಯಿಗಳನ್ನು ಕೊಲ್ಲಿಸುತ್ತಿದ್ದರು; ನಾಯಿಯೊಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಹಿಡಿಯುವವರು ಮನೆಗಳ ಅಂಗಳಕ್ಕೂ ನುಗ್ಗಿದರು. ಪಾರಸಿಗಳಿಗೆ ನಾಯಿ ಪವಿತ್ರ ಪ್ರಾಣಿ. ಅವರ ಶವಸಂಸ್ಕಾರದಲ್ಲಿಯೂ ಅದಕ್ಕೆ ಸ್ಥಾನವುಂಟು. ಜೂನ್ 6ರಂದು ಅವರು ಕೋಟೆಯಲ್ಲಿ ಪೊಲೀಸರ ಮೇಲೆಯೇ ಬಿದ್ದರು. ಮರುದಿನ ಹಿಂದೂ, ಜೈನ, ಮುಸಲ್ಮಾನ ವರ್ತಕರೂ ಸೇರಿ ಅಂಗಡಿ ಮುಚ್ಚಿದರು. ಕೊನೆಗೆ ಸೈನ್ಯ ಬರಬೇಕಾಯಿತು.

ಗಲಭೆ ಅಡಗಿತು, ಆದರೆ ನಾಯಿಗಳು ಬೀದಿಯಲ್ಲಿಯೇ ಉಳಿದವಲ್ಲ? 1834ರಲ್ಲಿ ಜಮಶೇಟಜಿ ಜೀಜೀಭಾಯಿಯವರೂ ಜೈನ ವರ್ತಕ ಮೋತೀಚಂದ ಅಮೀಚಂದರೂ ಸೇರಿ ಭುಲೇಶ್ವರದ ಕಡೆ ಪಾಂಜರಪೋಳವನ್ನು ಸ್ಥಾಪಿಸಿದರು. ನಮಗೆ ಹಿಡಿಸಿದ ಸಂಗತಿ ಅವರು ಕೊಟ್ಟ ದೊಡ್ಡ ದಾನವಲ್ಲ. ನಿತ್ಯದ ಖರ್ಚಿಗೆಂದು ವರ್ತಕರು ತಮ್ಮ ಸರಕಿನ ಮೇಲೆ ತಾವೇ ಒಂದು ಸಣ್ಣ ಲಾಗಾ ಹಾಕಿಕೊಂಡರು, ಅದು. ಕಟ್ಟಡ ಒಮ್ಮೆ ಕಟ್ಟಿದರಾಯಿತು; ಪ್ರಾಣಿಯ ಹೊಟ್ಟೆ ದಿನವೂ ಕೇಳುತ್ತದೆ. (ಜೀಜೀಭಾಯಿಯವರ ಸಿರಿಯಲ್ಲಿ ಚೀನಕ್ಕೆ ಸಾಗಿಸಿದ ಅಫೀಮಿನ ಹಣವೂ ಇತ್ತು, ಅದನ್ನು ಮುಚ್ಚಿಡಬೇಕಾದುದಿಲ್ಲ.) ಮುಂದೆ 1883ರಲ್ಲಿ ಗಿರಣಿಗಳ ಒಡೆಯ ದಿನಶಾ ಮಾಣಕಜಿ ಪೇಟಿಟರ ದಾನದಿಂದ, ಅವರ ಪತ್ನಿ ಸಾಕರಬಾಯಿಯವರ ಹೆಸರಿನಲ್ಲಿ, ಪರೇಲಿನ ಪ್ರಾಣಿಗಳ ಆಸ್ಪತ್ರೆ ಹುಟ್ಟಿತು.

ಎಲ್ಲ ಶ್ರೀಮಂತರೂ ಹೀಗಲ್ಲ. ಅಮೆರಿಕದಲ್ಲಿ ಹೋಟೆಲುಗಳ ಒಡತಿ ಲಿಯೋನಾ ಹೆಲ್ಮ್‌ಸ್ಲಿ 2007ರಲ್ಲಿ ತೀರಿಕೊಂಡಾಗ ತನ್ನ ಒಂದೇ ಒಂದು ನಾಯಿಗೆ 1 ಕೋಟಿ 20 ಲಕ್ಷ ಡಾಲರು ಬರೆದಿಟ್ಟಿದ್ದಳು. ಅಷ್ಟು ಬೇಡವೆಂದು ನ್ಯಾಯಾಧೀಶರು 20 ಲಕ್ಷಕ್ಕೆ ಇಳಿಸಿದರು. ಅದೇ ದೇಶದ ಡೇವ್ ಡಫೀಲ್ಡ್ ಎಂಬ ಉದ್ಯಮಿ, ತನ್ನ ಮ್ಯಾಡಿ ಎಂಬ ನಾಯಿ ಸತ್ತಮೇಲೆ ಅದರ ಹೆಸರಿನಲ್ಲಿ ನಿಧಿ ಮಾಡಿ 30 ಕೋಟಿ ಡಾಲರಿಗೂ ಹೆಚ್ಚು ಕೊಟ್ಟ. ಜಾಗ ಸಾಲದೆಂದು ಆಶ್ರಯಗಳಲ್ಲಿ ಕೊಂದುಹಾಕುತ್ತಿದ್ದ ನಾಯಿಗಳಿಗೆ ಮನೆ ಹುಡುಕಲು ಆ ಹಣ ಹೋಯಿತು. ಇಬ್ಬರಿಗೂ ನಾಯಿಯ ಮೇಲೆ ಪ್ರೀತಿಯಿತ್ತು. ಆದರೆ ಒಬ್ಬಳ ಹಣ ಒಂದು ನಾಯಿಯ ಹಾಸಿಗೆಯ ಬಳಿಯೇ ನಿಂತಿತು.

ಇನ್ನು ನಮ್ಮ ಗೆಳೆಯರ ಸಿಟ್ಟು. ನಾಯಿಗೆ ಕೊಟ್ಟವರು ಮನುಷ್ಯನನ್ನು ಮರೆತರೆಂಬುದು ಮಾತ್ರ ಸರಿಯಲ್ಲ. ಜೆ.ಜೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರು ನಮ್ಮಲ್ಲಿ ಎಷ್ಟು ಮಂದಿ? ಅದು ಅದೇ ಜೀಜೀಭಾಯಿಯವರ ಹೆಸರಿನದು. ಪರೇಲಿನ ಕ್ಯಾನ್ಸರ್ ಆಸ್ಪತ್ರೆಯನ್ನು 1941ರಲ್ಲಿ ತೆರೆದದ್ದು ಟಾಟಾರವರ ಟ್ರಸ್ಟು. ಇಷ್ಟರಿಂದ ಫುಟ್‌ಪಾತಿನವನಿಗೆ ಮನೆ ಸಿಕ್ಕಿತೆಂದು ನಾವು ಹೇಳುವುದಿಲ್ಲ.

ಅದೂ ಅಲ್ಲದೆ ಬೀದಿ ನಾಯಿ ಕಾರಿನಲ್ಲಿ ಹೋಗುವವನನ್ನು ಕಚ್ಚುವುದಿಲ್ಲ. ಕೊನೆಯ ಲೋಕಲ್ ಇಳಿದು ನಡೆದು ಹೋಗುವ ನಮ್ಮನ್ನು ಕಚ್ಚುತ್ತದೆ. ಹುಚ್ಚುನಾಯಿ ರೋಗ ಒಮ್ಮೆ ತಲೆದೋರಿದರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಊರಿನ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬಿದ್ದರೆ ಮಾತ್ರ ಆ ರೋಗ ಹರಡುವುದು ನಿಲ್ಲುತ್ತದೆ. ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಯೇ ಬಿಡದೆ ಆಶ್ರಯಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಆ ಆಶ್ರಯಗಳಿಗೆ ಅನ್ನ, ಔಷಧ, ಕೂಲಿಯಾಳಿನ ಸಂಬಳ ಕೊಡುವವರು ಯಾರು? ಹೆಸರು ಕೆತ್ತಿಸುವ ಕಲ್ಲಿಗೆ ಹಣ ಸುಲಭವಾಗಿ ಬರುತ್ತದೆ. ಸಂಬಳಕ್ಕೆ ಅಷ್ಟು ಸುಲಭವಾಗಿ ಬಾರದು. ಹಿಂದಿನ ವರ್ತಕರ ಲಾಗಾ ನಮಗೆ ನೆನಪಾಗುವುದು ಇಲ್ಲಿಯೇ.

ಕೊನೆಗೆ ಎರಡು ಮಾತು. ನಾಯಿ ಕಚ್ಚಿದರೆ ಅರಿಸಿನ, ಸುಣ್ಣ ಎಂದು ಕೂಡದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೊಳ್ಳಿರಿ. ನಿಮ್ಮ ಚಾಳಿನ ನಾಯಿಯ ಕಿವಿಯನ್ನೂ ಒಮ್ಮೆ ನೋಡಿರಿ. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಕಿವಿಯ ಅಂಚನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ಗುರುತಿಲ್ಲದಿದ್ದರೆ ವಾರ್ಡಿನ ಕಚೇರಿಗೆ ಒಂದು ಅರ್ಜಿ ಬರೆಯಿರಿ. ಬರೆದುಕೊಡಲು ನಾವು ಇಲ್ಲಿಯೇ ಇರುತ್ತೇವೆ.