ಬೀದಿಗೆ ಹೆಸರು, ನಾದಕ್ಕೆ ಉಸಿರು



ಈ ಇಗರ್ಜಿಯಲ್ಲಿ ಬಹುಕಾಲ ಹಾರ್ಮೋನಿಯಂ ನುಡಿಸಿ, ನಮಗೆಲ್ಲ ಹಾಡಲು ಕಲಿಸಿ ಗತಿಸಿದ ಹಿರಿಯರ ಹೆಸರನ್ನು ಉಮ್ಮಚಗಿಯ ಈ ದಾರಿಗೆ ಇಡಬೇಕೆಂಬ ನಿಮ್ಮ ಬಯಕೆ ನಮಗೆ ಸಂತೋಷವನ್ನುಂಟುಮಾಡಿದೆ. ಗ್ರಾಮ ಪಂಚಾಯತಿಗೆ ಮನವಿ ಸಲ್ಲಿಸುವ ಮುನ್ನ ಒಂದು ಮಾತನ್ನು ನಿವೇದಿಸಬಯಸುತ್ತೇವೆ.

ಬೆಂಗಳೂರಿನಲ್ಲಿ ನೆಹರೂ ತಾರಾಲಯವಿರುವ ರಸ್ತೆಗೆ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಹೆಸರಿದೆ. ಆ ‘ಟಿ’ ಎಂದರೆ ತಿರುಮಕೂಡಲು, ಕಾವೇರಿ ಕಪಿಲೆಯರು ಕೂಡುವ ಅವರ ಹುಟ್ಟೂರು. 1967ರಲ್ಲಿ ತೀರಿಕೊಂಡ ಅವರೊಡನೆ ಅವರ ಊರೂ ರಾಜಧಾನಿಯ ಫಲಕವನ್ನೇರಿತು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಕಟ್ಟಕಡೆಯವನಿಗೂ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಗಳ ಪಿಟೀಲಿಗೆ ಮತ್ತೆ ಮೂರನ್ನು ಸೇರಿಸಿದರು. ಆದರೆ ಇಂದು ಆ ರಸ್ತೆಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿ ಆ ನಾದವನ್ನು ಬಲ್ಲರು?

ನಮ್ಮ ಹಿರಿಯರೂ ಕಡೆಯ ಸಾಲಿನವರನ್ನು ಮರೆಯಲಿಲ್ಲ. 1963ರಲ್ಲಿ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರ ಭಾಷೆಗೆ ಎಡೆಗೊಟ್ಟಿತು. ಲತೀನಿನ ಮುಂದೆ ಮೌನವಾಗಿದ್ದವರ ಬಾಯಿಗೆ ಹಾಡು ತಂದವರು ಇಂಥ ಗುರುಗಳೇ. ಓದು ಬಾರದವರಿಗೆ ಅವರು ಒಂದೊಂದೇ ಸಾಲನ್ನು ಹೇಳಿಕೊಟ್ಟರು.

ಅವರ ಹಾರ್ಮೋನಿಯಂ ಇಂದು ಮುಸುಕು ಹೊದ್ದು ಕುಳಿತಿದೆ. ಅದರ ಹೊಣೆ ನಮ್ಮದೂ ಹೌದು. ಫಲಕವನ್ನು ನಿಲ್ಲಿಸೋಣ; ಆದರೆ ನಮ್ಮ ಮಲೆನಾಡಿನ ಮಳೆ ಯಾವ ಅಕ್ಷರವನ್ನೂ ಬಹುಕಾಲ ಉಳಿಸದು. ಆದುದರಿಂದ ಪ್ರತಿ ಶನಿವಾರ ಸಂಜೆ ಮಕ್ಕಳನ್ನು ಕಲಿಯಲು ಕಳುಹಿಸಿರಿ. ಇಗರ್ಜಿಯ ಬಾಗಿಲು ತೆರೆದಿರುವುದು. ಆಗ ದಾರಿಹೋಕನು ಆ ಹೆಸರನ್ನು ಓದುವುದಷ್ಟೇ ಅಲ್ಲ, ಕಿವಿಯಾರೆ ಕೇಳುವನು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.